ಚಿತ್ರಕ್ಕೆ ಎಟುಕದ ವಾಕ್ಯ: ಬಳ್ಳಾರಿ ಭಾಗದ ಹಿರಿಯ ಪ್ರಾಥಮಿಕ ತರಗತಿಗಳಲ್ಲಿ ಚಿತ್ರಪುಸ್ತಕ ಮತ್ತು ಬರವಣಿಗೆಯ ಬೋಧನೆ

ಐದು, ಆರು ಮತ್ತು ಏಳನೆಯ ತರಗತಿಯ ಮಕ್ಕಳಿಗೆ ಬರವಣಿಗೆ ಕಲಿಸಲು ಚಿತ್ರಪುಸ್ತಕಗಳನ್ನು ಬಳಸಬೇಕೆಂಬ ಸಲಹೆ ಈಗ ಶಿಕ್ಷಣದ ಚರ್ಚೆಗಳಲ್ಲಿ ಸಾಮಾನ್ಯವಾಗಿದೆ. ಅದರ ಹಿಂದಿನ ತರ್ಕ ಸರಳವಾದುದು. ಏನನ್ನು ಬರೆಯಬೇಕೆಂಬ ಹೊರೆಯನ್ನು ಚಿತ್ರ ಹೊರುತ್ತದೆ, ಹೇಗೆ ಬರೆಯಬೇಕೆಂಬುದರ ಕಡೆಗೆ ಮಗು ಗಮನ ಕೊಡಬಹುದು. ಪುಸ್ತಕದ ಪಠ್ಯ ಚಿಕ್ಕದಾದ್ದರಿಂದ ಅದನ್ನೇ ಮಾದರಿಯಾಗಿಟ್ಟುಕೊಂಡು ಮಗು ತನ್ನ ವಾಕ್ಯಗಳನ್ನು ಕಟ್ಟಬಹುದು. ಇದರ ಪೂರ್ವಾರ್ಧವನ್ನು ಒಂದು ಷರತ್ತಿನೊಡನೆ ನಾವು ಒಪ್ಪುತ್ತೇವೆ. ಉತ್ತರಾರ್ಧವು ಇಂಗ್ಲಿಷಿನ ತರಗತಿಗಳ ಅನುಭವದಿಂದ ಬಂದದ್ದು. ಕನ್ನಡದ ವಾಕ್ಯರಚನೆಯ ಮುಂದೆ ಅದು ನಿಲ್ಲುವುದಿಲ್ಲ. ಚಿತ್ರ ತೋರಿಸುವುದನ್ನು ಬರೆಸಿದಾಗ ಮಗುವಿನಿಂದ ಹೊರಡುವುದು ಪಟ್ಟಿ ಮಾತ್ರ. ಚಿತ್ರ ತೋರಿಸಲಾರದ್ದನ್ನು ಬರೆಸಿದಾಗಲೇ ಬರವಣಿಗೆಗೆ ಬೇಕಾದ ವ್ಯಾಕರಣ ಕೆಲಸಕ್ಕೆ ಬರುತ್ತದೆ. ಈ ವ್ಯಾಕರಣ ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡು ಭಾಗದ ಮಕ್ಕಳ ಬಾಯಲ್ಲಿ, ಅವರ ಮನೆಮಾತು ಯಾವುದೇ ಆಗಿರಲಿ, ಆಗಲೇ ಇದೆ ಎಂಬುದು ನಮ್ಮ ವಾದದ ಎರಡನೆಯ ಭಾಗ.

ಮೊದಲು ಪುಸ್ತಕಗಳ ಲಭ್ಯತೆಯ ಬಗ್ಗೆ ಎರಡು ಮಾತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲ್ಗೊಂಡು 2009-10ರಿಂದ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೆಯ ತರಗತಿಯವರೆಗೆ ಚಿತ್ರವಿರುವ ಕಾರ್ಡುಗಳೇ ಕಲಿಕೆಯ ಸಾಮಗ್ರಿ. ಅಲ್ಲಿಂದ ಮುಂದೆ ಪಠ್ಯಪುಸ್ತಕ ಬೆಳೆಯುತ್ತದೆ, ಚಿತ್ರ ಕುಗ್ಗುತ್ತದೆ. ತುಲಿಕಾ ಪ್ರಕಾಶನದ ದ್ವಿಭಾಷಾ ಪುಸ್ತಕಗಳು, 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್‌ನ ಪುಸ್ತಕಗಳು, ಅದೇ ಸಂಸ್ಥೆ 2015ರಲ್ಲಿ ತೆರೆದ ಸ್ಟೋರಿವೀವರ್ ಎಂಬ ಮುಕ್ತ ಭಂಡಾರ ಈ ಕೊರತೆಯನ್ನು ಸಾಕಷ್ಟು ತುಂಬಿವೆ. 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಬಾಗಿಲನ್ನು ಮಕ್ಕಳಿಗೆ ತೆರೆಯಿತು. ಆದ್ದರಿಂದ ಪುಸ್ತಕ ಸಿಗುವುದಿಲ್ಲವೆಂಬ ಹಳೆಯ ನೆಪಕ್ಕೆ ಮೊದಲಿನ ಬಲವಿಲ್ಲ. ಸಿಕ್ಕ ಪುಸ್ತಕವನ್ನು ಮುಂದಿಟ್ಟುಕೊಂಡು ಮಗುವಿಗೆ ಯಾವ ಪ್ರಶ್ನೆ ಕೇಳುತ್ತೇವೆ ಎಂಬುದು ಈಗ ವಿಮರ್ಶೆಗೆ ಒಳಗಾಗಬೇಕು.

ಬಹುಕಾಲದಿಂದ ಬಂದ ಪ್ರಶ್ನೆ ಒಂದೇ: ಚಿತ್ರ ನೋಡಿ ಐದು ವಾಕ್ಯ ಬರೆಯಿರಿ. ಒಂದು ಪುಟವನ್ನು ಊಹಿಸಿಕೊಳ್ಳೋಣ. ಕಾಲುವೆಯ ದಂಡೆಯ ಮೇಲೆ ಹುಡುಗನೊಬ್ಬ ಅಳುತ್ತ ನಿಂತಿದ್ದಾನೆ, ಕೈಯಲ್ಲಿ ಒಂದೇ ಚಪ್ಪಲಿ. ಪ್ರಶ್ನೆಗೆ ವಿಧೇಯವಾದ ಉತ್ತರ ಹೀಗಿರುತ್ತದೆ (ಇದು ಯಾವ ಮಗುವಿನ ಬರಹವೂ ಅಲ್ಲ, ವಾದಕ್ಕಾಗಿ ನಾವೇ ರಚಿಸಿದ್ದು): ‘ಇಲ್ಲಿ ಒಂದು ಕಾಲುವೆ ಇದೆ. ಕಾಲುವೆಯಲ್ಲಿ ನೀರು ಇದೆ. ಹುಡುಗ ನಿಂತಿದ್ದಾನೆ. ಅವನ ಕೈಯಲ್ಲಿ ಚಪ್ಪಲಿ ಇದೆ. ಹುಡುಗ ಅಳುತ್ತಿದ್ದಾನೆ.’ ಐದು ವಾಕ್ಯ, ತಪ್ಪಿಲ್ಲ, ಪೂರ್ಣ ಅಂಕ. ಈಗ ಇದನ್ನು ನೋಡಿ: ‘ಕಾಲು ತೊಳೆಯಲು ಇಳಿದಾಗ ತೇಲಿಹೋದ ಚಪ್ಪಲಿ ಎಲ್ಲೂ ಕಾಣದೆ, ಬರಿಗಾಲಲ್ಲಿ ಮನೆಗೆ ಹೋದರೆ ಅವ್ವ ಬೈಯುತ್ತಾಳೆಂದು ಹುಡುಗ ಅಳುತ್ತ ನಿಂತಿದ್ದ.’ ವಾಕ್ಯ ಒಂದೇ. ಅದರಲ್ಲಿ ಚಿತ್ರದಲ್ಲಿ ಕಾಣುವ ಕ್ರಿಯೆಗಳು ಎರಡು, ಅಳುವುದು ಮತ್ತು ನಿಲ್ಲುವುದು. ಉದ್ದೇಶ ಹೇಳುವ ‘ತೊಳೆಯಲು’, ಕಾಲ ಹೇಳುವ ‘ಇಳಿದಾಗ’, ನಾಮಪದಕ್ಕೆ ಕಥೆಯನ್ನೇ ಕಟ್ಟಿಕೊಡುವ ಕೃದಂತ ವಿಶೇಷಣ ‘ತೇಲಿಹೋದ’, ನಿಷೇಧ ಕೃದಂತ ‘ಕಾಣದೆ’, ಷರತ್ತಿನ ‘ಹೋದರೆ’, ಮನಸ್ಸಿನೊಳಗಿನ ಮಾತನ್ನು ಹೊತ್ತು ತರುವ ‘ಎಂದು’ ಇವೆಲ್ಲ ಚಿತ್ರದ ಹೊರಗಿನವು. ಕನ್ನಡದಲ್ಲಿ ಕಥನ ನಡೆಯುವುದು ಈ ಅಪೂರ್ಣ ಕ್ರಿಯೆಗಳ ಸರಣಿಯಲ್ಲಿ. ‘ಇದೆ’ ಎಂಬ ಅಸ್ತಿತ್ವವಾಚಕ ವಾಕ್ಯ ಆ ಸರಣಿಯನ್ನು ತುಂಡರಿಸುತ್ತದೆ. ಚಿತ್ರವನ್ನು ವರ್ಣಿಸುವ ಪ್ರಶ್ನೆ ಅದನ್ನೇ ಬೇಡುತ್ತದೆ.

ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ಮಗುವಿಗೆ ಇಷ್ಟು ಸಂಕೀರ್ಣ ಕಥನ ಸಾಧ್ಯವೇ ಎಂದು ಕೇಳಬಹುದು. ರೂತ್ ಬರ್ಮನ್ ಮತ್ತು ಡಾನ್ ಸ್ಲೋಬಿನ್ 1994ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆರವಿಗೆ ಬರುತ್ತದೆ. ಮರ್ಸರ್ ಮೇಯರ್ 1969ರಲ್ಲಿ ರಚಿಸಿದ, ಕಪ್ಪೆಯನ್ನು ಹುಡುಕುವ ಹುಡುಗನ ಮಾತಿಲ್ಲದ ಚಿತ್ರಪುಸ್ತಕವನ್ನು ಅವರು ಇಂಗ್ಲಿಷ್, ಜರ್ಮನ್, ಸ್ಪ್ಯಾನಿಷ್, ಹೀಬ್ರೂ, ಟರ್ಕಿಷ್ ಭಾಷಿಕರ ಮುಂದಿಟ್ಟು ಕಥೆ ಹೇಳಿಸಿದರು. ಮೂರು ವರ್ಷದ ಮಕ್ಕಳು ಚಿತ್ರ ಚಿತ್ರಕ್ಕೂ ಬೇರೆ ಬೇರೆ ವಾಕ್ಯ ಹೇಳುತ್ತಾರೆ. ಒಂಬತ್ತರ ಹೊತ್ತಿಗೆ ಘಟನೆಗಳನ್ನು ಒಂದೇ ಎಳೆಯಲ್ಲಿ ಹೆಣೆಯುತ್ತಾರೆ. ಟರ್ಕಿಷ್‌ನಲ್ಲಿಯೂ ಕನ್ನಡದಂತೆಯೇ ಅಪೂರ್ಣ ಕ್ರಿಯೆಗಳ ಸರಣಿ ಇರುವುದರಿಂದ ಆ ಭಾಗ ನಮಗೆ ವಿಶೇಷವಾಗಿ ಹತ್ತಿರದ್ದು. ಒಂಬತ್ತಕ್ಕೆ ಬಾಯಲ್ಲಿ ಕೂಡಿಬರುವ ಹೆಣಿಗೆ ಹನ್ನೆರಡಕ್ಕೆ ಹಾಳೆಯ ಮೇಲೆ ಬಿಚ್ಚಿಹೋಗುವುದಾದರೆ ದೋಷವನ್ನು ಮಗುವಿನ ಬುದ್ಧಿಯಲ್ಲಿ ಹುಡುಕುವುದು ತರವಲ್ಲ. ಅಕ್ಷರದ ಹೊರೆ ಒಂದು ಕಾರಣವಾಗಿರಬಹುದು. ಕನ್ನಡದ ಅಕ್ಷರಕಲಿಕೆ ನಾಲ್ಕು ಐದನೆಯ ತರಗತಿಯವರೆಗೂ ಮುಂದುವರಿಯುತ್ತದೆಂದು ಸೋನಾಲಿ ನಾಗ್ 2007ರಲ್ಲಿ ತೋರಿಸಿದ್ದಾರೆ. ಆರು ಏಳನೆಯ ತರಗತಿಗೆ ಬರುವಾಗ ಆ ಕಾರಣ ಹಿಂದೆ ಸರಿಯುತ್ತದೆ. ಪ್ರಶ್ನೆಯ ರೂಪ ಮಾತ್ರ ಬದಲಾಗದೆ ಉಳಿದಿರುತ್ತದೆ.

ಈ ಪ್ರಶ್ನೆಯ ಇನ್ನೊಂದು ಪರಿಣಾಮ ಸರ್ವನಾಮಗಳಲ್ಲಿ ಕಾಣುತ್ತದೆ. 1969ರಲ್ಲಿ ಪೀಟರ್ ಹಾಕಿನ್ಸ್ ಚಿತ್ರಸರಣಿಯೊಂದನ್ನು ತೋರಿಸಿ ಲಂಡನ್ನಿನ ಮಕ್ಕಳಿಂದ ಕಥೆ ಹೇಳಿಸಿದರು. ಕಾರ್ಮಿಕ ಕುಟುಂಬಗಳ ಮಕ್ಕಳು ಯಾರು ಏನೆಂದು ಪರಿಚಯಿಸದೆ ‘ಅವನು’, ‘ಅದು’, ‘ಅವರು’ ಎಂದು ಹೆಚ್ಚಾಗಿ ಹೇಳುತ್ತಾರೆಂಬುದು ಆ ಅಧ್ಯಯನದ ಫಲಿತ. ಇದು ಬೇಸಿಲ್ ಬರ್ನ್‌ಸ್ಟೈನರ ‘ಸೀಮಿತ ಸಂಕೇತ’ದ ವಾದಕ್ಕೆ ಆಧಾರವಾಗಿ ಬಳಕೆಯಾಯಿತು. ಮುಂದೆ ಬಂದ ಆಕ್ಷೇಪ ನ್ಯಾಯವಾದುದು. ಕೇಳುವವರ ಕಣ್ಣೆದುರಿಗೂ ಅದೇ ಚಿತ್ರವಿದ್ದಾಗ ‘ಅವನು’ ಎನ್ನುವುದು ದೋಷವಲ್ಲ, ಸಂದರ್ಭಕ್ಕೆ ತಕ್ಕ ಮಿತವ್ಯಯ. ನಮ್ಮ ತರಗತಿಗಳಲ್ಲಿ ಶಿಕ್ಷಕರ ಮೇಜಿನ ಮೇಲೂ ಮಗುವಿನ ಕೈಯಲ್ಲೂ ಇರುವುದು ಅದೇ ಪುಟ. ಹಾಗಿರುವಾಗ ‘ಒಬ್ಬ ಹುಡುಗನಿದ್ದ’ ಎಂದು ಪರಿಚಯಿಸುವ ಅಗತ್ಯ ಮಗುವಿಗೆ ಏಕೆ ತೋಚಬೇಕು? ಕನ್ನಡದಲ್ಲಿ ಕರ್ತೃಪದವನ್ನು ಲೋಪ ಮಾಡುವುದೂ ಸಹಜವಾದ್ದರಿಂದ ಪರಿಚಯದ ಕೊರತೆ ಇನ್ನೂ ದಟ್ಟವಾಗುತ್ತದೆ. ಪೂರ್ವಾರ್ಧವನ್ನು ಷರತ್ತಿನೊಡನೆ ಒಪ್ಪುತ್ತೇವೆಂದೆವು. ಷರತ್ತು ಇದೇ: ಬರೆಯುವ ಹೊತ್ತಿಗೆ ಪುಸ್ತಕ ಮುಚ್ಚಿರಬೇಕು, ಓದುವವರು ಅದನ್ನು ನೋಡಿರಬಾರದು.

ಚಿತ್ರಕ್ಕೆ ಎಟುಕದ ವ್ಯಾಕರಣದಲ್ಲಿ ನಿಷೇಧಕ್ಕೆ ಮೊದಲ ಸ್ಥಾನ. ಇಲ್ಲದಿರುವುದನ್ನು ಬರೆಯಬಹುದು, ಬಿಡಿಸಲಾಗದು. ರೋಹಿಣಿ ನಿಲೇಕಣಿ ‘ನೋನಿ’ ಎಂಬ ಹೆಸರಿನಲ್ಲಿ ಬರೆದ, ಪ್ರಥಮ್ ಬುಕ್ಸ್ ಪ್ರಕಟಿಸಿದ ಶೃಂಗೇರಿ ಶ್ರೀನಿವಾಸನ ಕಥೆಯನ್ನು ತೆಗೆದುಕೊಳ್ಳಬಹುದು. ಉದ್ದಗೂದಲಿನ ಶ್ರೀನಿವಾಸನ ವಾರ್ಷಿಕ ಕ್ಷೌರಕ್ಕೆ ಯಾರಿಗೂ ಬಿಡುವಿಲ್ಲ. ಕಥೆ ನಡೆಯುವುದೇ ನಿರಾಕರಣೆಗಳ ಮೇಲೆ. ಆಂಜಿ ಮತ್ತು ಉಪೇಶ್ ಅವರ ಚಿತ್ರಗಳು ಕೂದಲನ್ನೂ ಮುಖಭಾವವನ್ನೂ ತೋರಿಸಬಲ್ಲವು. ‘ಆಗದು’ ಎಂಬುದನ್ನು ಮಾತೇ ಹೇಳಬೇಕು. ಕನ್ನಡದಲ್ಲಿ ಈ ‘ಆಗದು’ ಒಂದೇ ಬಗೆಯದಲ್ಲ. ಸಂಗತಿ ಇಲ್ಲವೆನ್ನಲು ‘ಇಲ್ಲ’, ಇದು ಅದಲ್ಲವೆನ್ನಲು ‘ಅಲ್ಲ’, ತಡೆಯಲು ‘ಬೇಡ’, ನಿಯಮ ಹೇಳಲು ‘ಬಾರದು’, ಅಶಕ್ತಿಗೆ ‘ಲಾರೆ’, ಮನಸ್ಸಿಲ್ಲದ್ದಕ್ಕೆ ‘ಒಲ್ಲೆ’. ಉತ್ತರ ಕರ್ನಾಟಕದ ಆಡುನುಡಿ ಇದಕ್ಕೆ ಇನ್ನೊಂದನ್ನು ಸೇರಿಸುತ್ತದೆ. ‘ಮಳಿ ಬರವಲ್ದು’ ಎಂದರೆ ಮಳೆ ಬರುತ್ತಿಲ್ಲವೆಂದಷ್ಟೇ ಅಲ್ಲ, ಕಾದರೂ ಬರಲೊಪ್ಪುತ್ತಿಲ್ಲ ಎಂಬ ಅರ್ಥ. ಶ್ರೀನಿವಾಸನನ್ನು ಹಿಂದಕ್ಕೆ ಕಳಿಸುವ ಒಬ್ಬೊಬ್ಬರೂ ಬೇರೆ ಬೇರೆ ನಿಷೇಧರೂಪದಲ್ಲಿ ಮಾತಾಡುವಂತೆ ಬರೆಯಿರಿ ಎಂದು ಏಳನೆಯ ತರಗತಿಗೆ ಹೇಳಿದರೆ, ಅದು ಐದು ವಾಕ್ಯಗಳ ಪ್ರಶ್ನೆಗಿಂತ ಕಷ್ಟವಾದುದಲ್ಲ, ಆದರೆ ಬೇರೆಯೇ ಜಾತಿಯದು. ಪಾತ್ರಗಳ ಗುಣಭೇದ ವ್ಯಾಕರಣದಿಂದಲೇ ಹುಟ್ಟುತ್ತದೆ.

ಎರಡನೆಯದು ‘ಅಂತೆ’. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ನದಿಯ ಕೆಳಪಾತ್ರದಲ್ಲಿರುವ, ಅದೇ ಜಲಾಶಯದ ನೀರಿನಿಂದ ಭತ್ತ ಬೆಳೆಯುವ ಸಿರುಗುಪ್ಪ ಸೀಮೆಗೆ ಇದು ದೂರದ ಸುದ್ದಿಯಲ್ಲ. ಪತ್ರಿಕೆಗಳಲ್ಲಿ ಬಂದ ಚಿತ್ರಗಳಲ್ಲಿ ನುಗ್ಗುವ ನೀರಿತ್ತು. ಆ ಚಿತ್ರದಿಂದ ‘ಗೇಟು ಮುರಿದಿದೆ’ ಎಂದು ಬರೆಯಬಹುದು, ‘ಮುರಿದಿರಬೇಕು’ ಎಂದು ಊಹಿಸಬಹುದು. ‘ಮುರಿಯಿತಂತೆ’ ಎಂದು ಬರೆಯಲು ಹೇಳಿದವರೊಬ್ಬರು ಬೇಕು. ಕಂಡದ್ದು, ಊಹಿಸಿದ್ದು, ಕೇಳಿದ್ದು ಎಂಬ ಮೂರರ ನಡುವಿನ ವ್ಯತ್ಯಾಸವನ್ನು ಕನ್ನಡ ಕ್ರಿಯಾಪದದ ತುದಿಯಲ್ಲಿ ಹೇಳಿಬಿಡುತ್ತದೆ. ಶಾಲೆಯ ಬರಹ ಈ ‘ಅಂತೆ’ಯನ್ನು ಆಡುಮಾತೆಂದು ಹೊರಗಿಡುತ್ತದೆ. ಪತ್ರಿಕೆಗಳು ಅದೇ ಕೆಲಸಕ್ಕೆ ‘ಎನ್ನಲಾಗಿದೆ’, ‘ಎಂದು ತಿಳಿದುಬಂದಿದೆ’ ಎಂಬ ದೊಡ್ಡ ಅಂಗಿಗಳನ್ನು ತೊಡಿಸುತ್ತವೆ. ಒಂದೇ ಸುದ್ದಿಚಿತ್ರವನ್ನು ಮುಂದಿಟ್ಟು ಕಂಡವನಾಗಿ ಒಮ್ಮೆ, ಕೇಳಿದವನಾಗಿ ಇನ್ನೊಮ್ಮೆ, ವರದಿಗಾರನಾಗಿ ಮತ್ತೊಮ್ಮೆ ಬರೆಯುವ ಅಭ್ಯಾಸ ಮಗುವಿಗೆ ಶೈಲಿಯ ಮೆಟ್ಟಿಲುಗಳನ್ನು ಪರಿಭಾಷೆಯಿಲ್ಲದೆ ಕಲಿಸುತ್ತದೆ. ಆಡುನುಡಿಗೂ ಬರಹದ ನುಡಿಗೂ ಇರುವ ಅಂತರವನ್ನು ಚಾರ್ಲ್ಸ್ ಫರ್ಗ್ಯುಸನ್ 1959ರಲ್ಲಿ ‘ಡೈಗ್ಲಾಸಿಯಾ’ ಎಂದು ಕರೆದರು. ಕನ್ನಡದ ಗ್ರಾಂಥಿಕ ಮತ್ತು ಆಡುಮಾತಿನ ಶೈಲಿಗಳ ಬಗ್ಗೆ ಹಾ. ಮಾ. ನಾಯಕರ ಗ್ರಂಥವೇ ಇದೆ. ಸಂಶೋಧನೆಯಲ್ಲಿ ಇಷ್ಟು ಹಳೆಯದಾದ ತಿಳಿವಳಿಕೆ ಬರವಣಿಗೆಯ ಪಾಠಕ್ರಮಕ್ಕೆ ಇನ್ನೂ ಇಳಿದುಬಂದಿಲ್ಲ.

ಮೂರನೆಯದು ಕಾರ್ಯಕಾರಣ. ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ ಒಂದರ ನಂತರ ಇನ್ನೊಂದೆಂದು ತಿಳಿಯುತ್ತದೆ, ಒಂದರಿಂದ ಇನ್ನೊಂದೆಂದು ತಿಳಿಯುವುದಿಲ್ಲ. ಮಕ್ಕಳ ಬರಹದಲ್ಲಿ ‘ಆಮೇಲೆ’, ‘ನಂತರ’ಗಳು ಹೆಚ್ಚಾದರೆ ಅದು ಚಿತ್ರಸರಣಿಯ ನೆರಳು. ಕನ್ನಡದ ಭೂತ ಕೃದಂತಾವ್ಯಯ ಇವೆರಡನ್ನೂ ಸೂಕ್ಷ್ಮವಾಗಿ ಹಿಡಿಯುತ್ತದೆ. ‘ರಾಮ ಬಂದು ಕುಳಿತ’ ಎಂಬಲ್ಲಿ ಕರ್ತೃ ಒಬ್ಬನೇ. ‘ರಾಮ ಬಂದು ಸೀತೆ ಹೋದಳು’ ಎಂಬುದು ಕಿವಿಗೆ ಒಗ್ಗುವುದಿಲ್ಲ. ‘ಮಳೆ ಬಂದು ಕೆರೆ ತುಂಬಿತು’ ಎಂಬುದು ಸಲೀಸಾಗಿ ಒಗ್ಗುತ್ತದೆ, ಏಕೆಂದರೆ ಅಲ್ಲಿ ಕರ್ತೃಗಳು ಬೇರೆಯಾದರೂ ಒಂದು ಸಂಗತಿ ಇನ್ನೊಂದಕ್ಕೆ ಕಾರಣ. ಸಂಶೋಧನ ವಿದ್ಯಾರ್ಥಿಗಳಿಗೆ ಇದು ಪರಿಚಿತ ಉದಾಹರಣೆ. ಆದರೆ ಇದನ್ನು ಬರವಣಿಗೆಯ ಪಾಠವಾಗಿಸುವ ಪ್ರಯತ್ನ ವಿರಳ. ಎರಡು ಚಿತ್ರ ಕೊಟ್ಟು ‘ಆಮೇಲೆ’ ಎಂಬ ಪದವನ್ನು ಬಳಸದೆ ಒಂದೇ ವಾಕ್ಯ ಬರೆಯಿರಿ ಎಂದರೆ ಸಾಕು. ‘-ಇ’, ‘-ದು’, ‘-ದರಿಂದ’, ‘-ದರೂ’ ಪ್ರತ್ಯಯಗಳು ಕೆಲಸಕ್ಕೆ ಬರಲೇಬೇಕು. 1949ರಿಂದ ಕನ್ನಡದಲ್ಲೂ ಬರುತ್ತಿದ್ದ ‘ಚಂದಮಾಮ’ ತನ್ನ ಓದುಗರಿಗೆ ಎರಡು ಫೋಟೋ ಕೊಟ್ಟು ಎರಡಕ್ಕೂ ಹೊಂದುವ ಜೋಡಿ ಶೀರ್ಷಿಕೆ ಬರೆಯುವ ಸ್ಪರ್ಧೆ ನಡೆಸುತ್ತಿತ್ತು. ಅಲ್ಲಿ ಗೆಲ್ಲಬೇಕಾದರೆ ಫೋಟೋದಲ್ಲಿ ಕಾಣುವುದನ್ನು ಹೆಸರಿಸಿದರೆ ಸಾಲದು, ಎರಡರ ಸಂಬಂಧವನ್ನು ಹೇಳಬೇಕು. ಮದರಾಸಿನ ಒಂದು ಮಾಸಪತ್ರಿಕೆಗೆ ಹೊಳೆದದ್ದು ನಮ್ಮ ಅಭ್ಯಾಸ ಪುಸ್ತಕಗಳಿಗೆ ಇನ್ನೂ ಹೊಳೆಯಬೇಕಾಗಿದೆ.

ಈಗ ಬಳ್ಳಾರಿಯ ವಿಶಿಷ್ಟ ಸ್ಥಿತಿ. 1953ರ ಅಕ್ಟೋಬರ್ 1ರವರೆಗೆ ಮದರಾಸು ಪ್ರಾಂತ್ಯದಲ್ಲಿದ್ದು, ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳನ್ನು ಆಂಧ್ರಕ್ಕೆ ಬಿಟ್ಟು ಮೈಸೂರಿಗೆ ಸೇರಿದ ಜಿಲ್ಲೆಯಿದು. ಗಡಿಗೆರೆ ಭಾಷೆಗಳನ್ನು ಬೇರ್ಪಡಿಸಲಿಲ್ಲ. ಸಿರುಗುಪ್ಪದ ಹಳ್ಳಿಗಳಲ್ಲಿ ತೆಲುಗು, ಬಳ್ಳಾರಿಯ ಕೌಲ್ ಬಜಾರಿನಲ್ಲಿ ದಖ್ಖನಿ ಉರ್ದು, ತಾಂಡಾಗಳಲ್ಲಿ ಲಂಬಾಣಿ ಮನೆಮಾತಾಗಿರುವ ಮಕ್ಕಳು ಕನ್ನಡ ಮಾಧ್ಯಮದ ತರಗತಿಯಲ್ಲಿ ಕೂತಿರುತ್ತಾರೆ. ಇಂಥ ಮಗುವಿನ ಬರವಣಿಗೆ ತೆಳುವಾಗಿದ್ದರೆ ‘ಮನೇಲಿ ಕನ್ನಡ ಇಲ್ಲ’ ಎಂಬ ವಿವರಣೆ ಸಿದ್ಧವಾಗಿರುತ್ತದೆ. ಅದಕ್ಕೆ ಪರಿಹಾರವೆಂದು ಕೊಡುವುದು ಮತ್ತೆ ಚಿತ್ರ, ಮತ್ತೆ ‘ಇದೆ’ ವಾಕ್ಯ.

ಈ ವಿವರಣೆ ಪದಸಂಪತ್ತಿನ ಮಟ್ಟಿಗೆ ನಿಜವಿರಬಹುದು, ವಾಕ್ಯರಚನೆಯ ಮಟ್ಟಿಗೆ ನಿಲ್ಲುವುದಿಲ್ಲ. ತೆಲುಗಿನ ‘ವಚ್ಚಿ’ ಕನ್ನಡದ ‘ಬಂದು’ವಿನ ಕೆಲಸವನ್ನೇ ಮಾಡುತ್ತದೆ, ತೆಲುಗಿನ ‘ಅಟ’ ನಮ್ಮ ‘ಅಂತೆ’. ಇಂಡೋ-ಆರ್ಯನ್ ಮೂಲದ ದಖ್ಖನಿಯೂ ಶತಮಾನಗಳ ಒಡನಾಟದಲ್ಲಿ ದ್ರಾವಿಡದ ‘ಎಂದು’ವಿಗೆ ಸಮನಾದ ‘ಬೋಲ್‌ಕೆ’ಯನ್ನು ರೂಢಿಸಿಕೊಂಡಿದೆ. ಕೇಳಿದ ಮಾತಿಗೆ ಅದರಲ್ಲಿ ‘ಕತೆ’ ಎಂಬ ರೂಪವೂ ಇದೆ. ಕನ್ನಡದ ಕಿವಿಗೆ ಅದು ಕಥೆಯೆಂದೇ ಕೇಳಿಸುವುದು ಆಕಸ್ಮಿಕ, ಆದರೂ ಸೊಗಸಾದದ್ದು. 1956ರಲ್ಲಿ ಎಮಿನೋ ಭಾರತವನ್ನು ಒಂದು ಭಾಷಾವಲಯವೆಂದು ಕರೆದಾಗಲೂ, 1971ರಲ್ಲಿ ಗಂಪರ್ಜ್ ಮತ್ತು ವಿಲ್ಸನ್ ಸಾಂಗ್ಲಿ ಜಿಲ್ಲೆಯ ಕುಪ್ವಾಡದಲ್ಲಿ ಕನ್ನಡ, ಮರಾಠಿ, ಉರ್ದುಗಳ ವ್ಯಾಕರಣ ಒಂದಕ್ಕೊಂದು ಹತ್ತಿರವಾದದ್ದನ್ನು ತೋರಿಸಿದಾಗಲೂ ವಿವರಿಸಿದ ವಿದ್ಯಮಾನ ಇದೇ. ಭಾಷಾವಿಜ್ಞಾನದ ಪಠ್ಯಗಳಲ್ಲಿ ಕುಪ್ವಾಡ ಎಲ್ಲರಿಗೂ ಗೊತ್ತು. ಬಳ್ಳಾರಿಯ ತರಗತಿಯನ್ನು ಆ ಕಣ್ಣಿನಿಂದ ನೋಡಿದರೆ ಮಗುವಿನ ಕೊರತೆಯೆಂದು ಎಣಿಸಿದ್ದು ಅದರ ಬಂಡವಾಳವಾಗಿ ಕಾಣುತ್ತದೆ. ‘ಇಲ್ಲಿ ಒಂದು ಮರ ಇದೆ’ ಎಂಬ ವಾಕ್ಯಕ್ಕೆ ಬೇಕಾಗುವುದು ಹೊಸ ಕನ್ನಡ ಪದ ಮಾತ್ರ. ‘ಬಂದು’, ‘ಅಂತೆ’, ‘ಎಂದು’ಗಳ ವಾಕ್ಯಕ್ಕೆ ಬೇಕಾಗುವ ಅಚ್ಚು ಮನೆಮಾತಿನಲ್ಲೇ ಇದೆ. ಸುಲಭವೆಂದು ಕೊಡುವ ಅಭ್ಯಾಸವೇ ಈ ಮಗುವಿನ ಬಲವನ್ನು ಬಳಸದೆ ಬಿಡುತ್ತದೆ. ಲಂಬಾಣಿಯ ವಿಷಯದಲ್ಲಿ ಇಷ್ಟೇ ಖಚಿತವಾಗಿ ಹೇಳಲು ಈ ದೃಷ್ಟಿಯಿಂದ ವಿವರವಾದ ವ್ಯಾಕರಣಕಾರ್ಯ ನಡೆಯಬೇಕು. ವಿಷಯ ಹುಡುಕುತ್ತಿರುವ ಸಂಶೋಧಕರು ಗಮನಿಸಬಹುದು.

ಪುಸ್ತಕದ ಪಠ್ಯವನ್ನೇ ಬರವಣಿಗೆಯ ಮಾದರಿಯಾಗಿಸುವ ಪದ್ಧತಿಗೆ ಬರೋಣ. ಸ್ಟೋರಿವೀವರ್‌ನಲ್ಲಿ ಪುಸ್ತಕಗಳಿಗೆ ನಾಲ್ಕು ಓದಿನ ಹಂತಗಳಿವೆ. ಹಂತ ನಿರ್ಧಾರದಲ್ಲಿ ಪದಸಂಖ್ಯೆ ಒಂದು ಮುಖ್ಯ ಅಳತೆ. ‘ಬಂದವರೆಲ್ಲರಿಗೂ’ ಎಂಬ ಒಂದು ಕನ್ನಡ ಪದ ಇಂಗ್ಲಿಷಿಗೆ ಹೋದರೆ ಐದಾರು ಪದಗಳಾಗುತ್ತದೆ. ಹಾಗಾಗಿ ಒಂದೇ ಕಥೆ ಕನ್ನಡದಲ್ಲಿ ಕಡಿಮೆ ಪದಗಳಲ್ಲಿ ಮುಗಿದರೂ ಪ್ರತಿ ಪದದ ಭಾರ ಹೆಚ್ಚು. ಭಾಷೆಯಿಂದ ಭಾಷೆಗೆ ಸಾಗಿಸಬಹುದಾದ ಅಳತೆಯಲ್ಲ ಇದು. ಅದಕ್ಕಿಂತ ಗಂಭೀರವಾದದ್ದು ವಾಕ್ಯದ ಉದ್ದ. ಚಿಕ್ಕ ವಾಕ್ಯ ಸುಲಭ ಎಂಬ ನಂಬಿಕೆಯಿಂದ ಅನುವಾದಕರು ‘ಅವನು ಎದ್ದನು. ಅವನು ಬಾಗಿಲು ತೆರೆದನು. ಅವನು ಹೊರಗೆ ನೋಡಿದನು’ ಎಂಬ ಧಾಟಿಗೆ ಬೀಳುತ್ತಾರೆ. ‘ಎದ್ದು ಬಾಗಿಲು ತೆರೆದು ಹೊರಗೆ ನೋಡಿದ’ ಎಂಬುದು ಅಜ್ಜಿಯ ಕಥೆಯಲ್ಲಿ ನಾಲ್ಕು ವರ್ಷದ ಮಗುವಿಗೂ ಅರ್ಥವಾಗುವ ರಚನೆ. ಮೂರು ತುಂಡುಗಳ ಮಾದರಿ ಒಂದನೆಯ ತರಗತಿಯ ಓದಿಗೆ ಹಾನಿ ಮಾಡದಿರಬಹುದು, ಏಳನೆಯ ತರಗತಿಯ ಬರಹಕ್ಕೆ ಮಾದರಿಯಾದರೆ ಮಾಡುತ್ತದೆ. ಎಲ್ಲ ಅನುವಾದಗಳೂ ಹೀಗಿವೆಯೆಂದಲ್ಲ. ನುಡಿಯ ಲಯ ಬಲ್ಲ ಅನುವಾದಗಳೂ ಇವೆ. ಆರಿಸುವವರು ಚಿತ್ರದ ಅಂದವನ್ನು ನೋಡುವಷ್ಟು ವಾಕ್ಯದ ಕಟ್ಟನ್ನೂ ನೋಡಬೇಕು. ತುಂಡು ವಾಕ್ಯಗಳ ಪುಸ್ತಕವೇ ಕೈಗೆ ಬಂದರೆ ಅದನ್ನು ತಿದ್ದಲೆಂದು ಮಕ್ಕಳಿಗೇ ಕೊಡಬಹುದು. ಅಚ್ಚಾದ ಪುಸ್ತಕದ ವಾಕ್ಯವನ್ನು ಬೆಸೆದು ಸರಿಪಡಿಸುವ ಅಧಿಕಾರ ಸಿಕ್ಕ ಮಗು ಬರಹಗಾರನ ಕುರ್ಚಿಯಲ್ಲಿ ಕೂರುತ್ತದೆ.

ಮಾದರಿಯ ಪ್ರಶ್ನೆಗೆ ಪ್ರಾದೇಶಿಕ ಮುಖವೂ ಇದೆ. ಚಿತ್ರಪುಸ್ತಕಗಳ ‘ಬಂದಿದ್ದಾನೆ’ಗೆ ಈ ಭಾಗದ ಆಡುಮಾತಿನಲ್ಲಿ ‘ಬಂದಾನ’ ಎಂಬ ರೂಪವಿದೆ, ‘ಇದೆ’ಗೆ ‘ಐತಿ’. ಶಿಷ್ಟ ಬರಹದ ‘ಬಂದಾನು’ ಎಂಬುದಕ್ಕೆ ಬರಬಹುದು ಎಂಬ ಅರ್ಥ. ಒಂದು ಉಕಾರದ ವ್ಯತ್ಯಾಸದಲ್ಲಿ ಆಗಿಹೋದದ್ದು ಆಗಬಹುದಾದದ್ದಾಗುತ್ತದೆ. ಮಗು ಬರೆದ ‘ಬಂದಾನ’ವನ್ನು ಕಾಗುಣಿತದ ತಪ್ಪೆಂದು ಕೆಂಪುಶಾಯಿಯಲ್ಲಿ ಸುತ್ತಿದರೆ, ಪಕ್ಕದ ನುಡಿಯೊಂದರ ನಿಯಮಬದ್ಧ ರೂಪವನ್ನು ಅಜ್ಞಾನವೆಂದು ಗುರುತಿಸಿದಂತಾಗುತ್ತದೆ. ಮುಂದೆ ಇದೇ ಮಗು ಹತ್ತನೆಯ ತರಗತಿಯ ಪ್ರಥಮ ಭಾಷೆಯ ಪತ್ರಿಕೆಯಲ್ಲಿ ಪ್ರಬಂಧ, ಪತ್ರಗಳನ್ನು ಶಿಷ್ಟ ಕನ್ನಡದಲ್ಲೇ ಬರೆಯಬೇಕು. ಹಾಗಾಗಿ ಶಿಷ್ಟರೂಪವನ್ನು ಕಲಿಸಬೇಡಿ ಎನ್ನುವವರ ಜೊತೆ ನಾವಿಲ್ಲ. ಚಿತ್ರಪುಸ್ತಕದಲ್ಲಿ ಪಾತ್ರಗಳು ಮಾತಾಡುತ್ತವೆ, ನಿರೂಪಕನೂ ಮಾತಾಡುತ್ತಾನೆ. ಪಾತ್ರದ ಬಾಯಲ್ಲಿ ‘ಐತಿ’, ನಿರೂಪಣೆಯಲ್ಲಿ ‘ಇದೆ’ ಎಂದು ಹಂಚಿಕೊಟ್ಟರೆ ಉದ್ಧರಣ ಚಿಹ್ನೆಯ ಬಳಕೆಯೂ ಅರ್ಥಪೂರ್ಣವಾಗುತ್ತದೆ. ಉತ್ತರ ಕರ್ನಾಟಕದ ಕಥೆಗಾರರು ಬಹಳ ಹಿಂದಿನಿಂದ ಮಾಡಿಕೊಂಡು ಬಂದ ವ್ಯವಸ್ಥೆ ಇದು.

ದೊಡ್ಡ ತರಗತಿಗೆ ಚಿತ್ರಪುಸ್ತಕ ಎಳಸು ಎಂಬ ಆಕ್ಷೇಪಕ್ಕೆ ಹೆಚ್ಚು ಸಮಯ ಬೇಕಿಲ್ಲ. ಎಳಸಾದದ್ದು ಕೇಳುವ ಪ್ರಶ್ನೆ. ಪಠ್ಯ ಮುಗಿಸುವ ಒತ್ತಡ, ಒಬ್ಬರೇ ಶಿಕ್ಷಕರು ಹಲವು ತರಗತಿ ನೋಡಿಕೊಳ್ಳುವ ಪರಿಸ್ಥಿತಿಯ ಆಕ್ಷೇಪ ಗಂಭೀರವಾದುದು. ಅದಕ್ಕೆ ಕಡಿಮೆ ಸಾಮಗ್ರಿಯಲ್ಲಿ ನಡೆಯುವ ಒಂದು ಏರ್ಪಾಟನ್ನು ಸೂಚಿಸಬಹುದು. ಕುರುಗೋಡಿನ ಒಂದು ತರಗತಿ ಪುಸ್ತಕವೊಂದನ್ನು ನೋಡಿ, ಮುಚ್ಚಿಟ್ಟು, ಕಥೆಯನ್ನು ಬರೆದು ಸಿರುಗುಪ್ಪದ ಒಂದು ತರಗತಿಗೆ ಕಳಿಸಲಿ. ಪುಸ್ತಕ ಕಾಣದ ಸಿರುಗುಪ್ಪದ ಮಕ್ಕಳು ಆ ಬರಹವನ್ನು ಓದಿ ಚಿತ್ರ ಬಿಡಿಸಿ ಹಿಂದಕ್ಕೆ ಕಳಿಸಲಿ. ಯಾರೆಂದು ಹೇಳದ ‘ಅವನು’ ಬಂದಲ್ಲಿ ಚಿತ್ರದಲ್ಲಿ ಬೇರೆಯೇ ವ್ಯಕ್ತಿ ಬರುತ್ತಾನೆ. ಬರಹದಲ್ಲಿ ಕಾರಣ ಬಿಟ್ಟುಹೋಗಿದ್ದರೆ ಚಿತ್ರಗಳ ಕ್ರಮ ತಪ್ಪುತ್ತದೆ. ಶಿಕ್ಷಕರ ಕೆಂಪುಶಾಯಿಗಿಂತ ಮುಂಚೆ ಓದುಗರ ತಪ್ಪು ತಿಳಿವಳಿಕೆಯೇ ಬರಹವನ್ನು ತಿದ್ದುತ್ತದೆ. ಮರುವಾರ ಸಿರುಗುಪ್ಪದವರು ಬರೆಯುತ್ತಾರೆ, ಕುರುಗೋಡಿನವರು ಬಿಡಿಸುತ್ತಾರೆ. ಮೌಲ್ಯಮಾಪನ ಮಾಡುವವರು ವಾಕ್ಯಗಳನ್ನು ಎಣಿಸುವ ಬದಲು ಮೂರು ಸಂಗತಿಗಳನ್ನು ನೋಡಿದರೆ ಸಾಕು: ಪಾತ್ರದ ಮೊದಲ ಪರಿಚಯ ಹೇಗಾಗಿದೆ, ಒಂದು ಪೂರ್ಣಕ್ರಿಯೆಗೆ ಎಷ್ಟು ಅಪೂರ್ಣ ಕ್ರಿಯೆಗಳು ಬಂದು ಸೇರಿವೆ, ಚಿತ್ರದಲ್ಲಿಲ್ಲದ ಯಾವ ಸಂಗತಿ ಬರಹದಲ್ಲಿದೆ. ಮೊದಲ ಎರಡನ್ನು ಶಿಕ್ಷಕರೇ ಗುರುತಿಸಬಲ್ಲರು. ಮೂರನೆಯದನ್ನು ಪುಸ್ತಕ ತೆರೆದಿಟ್ಟುಕೊಂಡ ಮಕ್ಕಳೇ ಹೇಳಿಯಾರು.